ಚಕಾಲ್ತಾಯ: ಒಂದು ಹಿಮನದಿಯ ಅವಸಾನ

ರಾಜ್ಯಗಳ ಏಳುಬೀಳುಗಳನ್ನು ಕಾಲಾನುಕ್ರಮದಲ್ಲಿ ನಿರೂಪಿಸುವುದೇ ಇತಿಹಾಸವೆಂಬ ಭಾವನೆ ನಮ್ಮಲ್ಲಿ ಬಹುಮಟ್ಟಿಗೆ ಬೇರೂರಿದೆ. ಆದರೆ ನದಿಗೆ, ಅಡವಿಗೆ, ಹಿಮರಾಶಿಗೆ ಸಹ ಇತಿಹಾಸವುಂಟು. ಅದು ಮನುಷ್ಯನ ಇತಿಹಾಸದೊಡನೆ ಹೆಣೆದುಕೊಂಡೇ ಇರುತ್ತದೆ. ದಕ್ಷಿಣ ಅಮೆರಿಕದ ಬೊಲಿವಿಯ ದೇಶದ ಚಕಾಲ್ತಾಯ ಹಿಮನದಿ ಇದಕ್ಕೊಂದು ನಿದರ್ಶನ. ಜಗತ್ತಿನಲ್ಲಿಯೇ ಅತ್ಯಂತ ಎತ್ತರದ ಸ್ಕೀ ಕ್ರೀಡಾಸ್ಥಾನವೆಂದು ಒಮ್ಮೆ ಹೆಸರಾಗಿದ್ದ ಈ ಹಿಮನದಿ 2009ರಲ್ಲಿ ಪೂರ್ಣವಾಗಿ ಕಣ್ಮರೆಯಾಯಿತು. ಅದು ಹೇಗೆ ಅಳಿಯಿತು, ಅದರೊಡನೆ ನಷ್ಟವಾದುದು ಆಟದ ಬಯಲೊಂದು ಮಾತ್ರವೇ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಚಕಾಲ್ತಾಯವು ಆಂಡೀಸ್ ಪರ್ವತಶ್ರೇಣಿಯಲ್ಲಿ, ಲಾ ಪಾಜ್ ನಗರಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿ ಇದೆ. ಶಿಖರದ ಎತ್ತರ 5,300 ಮೀಟರುಗಳಿಗೂ ಮಿಗಿಲು. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಅರ್ಧಕ್ಕಿಂತ ತುಸುವೇ ಹೆಚ್ಚು. ಹೊಸಬರಿಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಆ ಪ್ರದೇಶದ ಐಮಾರಾ ಜನರ ಭಾಷೆಯಲ್ಲಿ ಈ ಹೆಸರಿಗೆ ‘ತಣ್ಣನೆಯ ದಾರಿ’ ಎಂಬ ಅರ್ಥವನ್ನು ಸಾಮಾನ್ಯವಾಗಿ ಹೇಳುತ್ತಾರೆ.

1930ರ ದಶಕದ ಕೊನೆಗೆ ಬೊಲಿವಿಯದ ಪರ್ವತಾರೋಹಿಗಳ ಸಂಘವಾದ ‘ಕ್ಲಬ್ ಆಂದೀನೊ ಬೊಲಿವಿಯಾನೊ’ ಈ ಇಳಿಜಾರನ್ನು ಸ್ಕೀ ಆಟಕ್ಕೆ ಅಣಿಗೊಳಿಸಿತು. ಆಟಗಾರರನ್ನು ಮೇಲಕ್ಕೆಳೆಯಲು ಮೋಟಾರು ವಾಹನದ ಎಂಜಿನ್ನಿನಿಂದ ನಡೆಯುವ ಹಗ್ಗವನ್ನು ಅಳವಡಿಸಿದರು. ಮುಂದೆ ಇಲ್ಲಿ ವಿಶ್ರಾಂತಿಗೃಹವೂ ಭೋಜನಶಾಲೆಯೂ ಪ್ರವಾಸಿಗಳಿಗೆ ಒದಗಿದವು. ಇತರ ಸ್ಕೀ ಸ್ಥಾನಗಳಲ್ಲಿ ಆಟ ಚಳಿಗಾಲದ್ದಾದರೆ ಇಲ್ಲಿ ಅದು ನವೆಂಬರಿನಿಂದ ಮಾರ್ಚಿಯವರೆಗಿನ ಬೇಸಗೆಯದಾಗಿತ್ತು. ಏಕೆಂದರೆ ಅಲ್ಲಿ ಚಳಿಗಾಲ ಒಣಗಾಲ, ಹಿಮ ಬೀಳುವುದೆಲ್ಲ ಬೇಸಗೆಯಲ್ಲಿ.

ಈ ಪರ್ವತಕ್ಕೆ ವಿಜ್ಞಾನದ ಚರಿತ್ರೆಯಲ್ಲಿಯೂ ಸ್ಥಾನವಿದೆ. ಮೇಲಿನವರೆಗೆ ದಾರಿಯೂ ಹವಾಮಾನ ಕೇಂದ್ರವೂ ಇದ್ದುದರಿಂದ, ಬ್ರೆಜಿಲ್ ದೇಶದ ಭೌತವಿಜ್ಞಾನಿ ಸೀಜರ್ ಲಾಟಿಸ್ 1947ರಲ್ಲಿ ಛಾಯಾಗ್ರಹಣದ ಫಲಕಗಳನ್ನು ಇಲ್ಲಿಗೆ ಒಯ್ದು ವಿಶ್ವಕಿರಣಗಳಿಗೆ ಒಡ್ಡಿದರು. ಪೈ-ಮೆಸಾನ್ ಎಂಬ ಕಣದ ಅಸ್ತಿತ್ವವನ್ನು ಸ್ಥಿರಪಡಿಸುವಲ್ಲಿ ಆ ಫಲಕಗಳು ಸಹಾಯಕವಾದವು. ಈ ಸಂಶೋಧನೆಯ ನಾಯಕರಾದ ಪೊವೆಲ್ ಅವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ಹಿಮನದಿಯ ಅಳಿವಿನ ವಿಚಾರ. ಹಿಮನದಿಯೆಂಬುದು ಒಂದು ಜಮಾಖರ್ಚಿನ ಪುಸ್ತಕದಂತೆ. ಮೇಲ್ಭಾಗದಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಶೇಖರವಾಗುವುದು ಜಮೆ. ಕೆಳಭಾಗದಲ್ಲಿ ಕರಗಿ ಹೋಗುವುದು ಖರ್ಚು. ಇವೆರಡೂ ಸರಿಸಮನಾಗಿರುವ ಎತ್ತರಕ್ಕೆ ಸಮತೋಲ ರೇಖೆಯೆನ್ನಬಹುದು. ಹವೆ ಬಿಸಿಯಾದಂತೆ ಈ ರೇಖೆ ಮೇಲೇರುತ್ತದೆ. ಚಕಾಲ್ತಾಯದಲ್ಲಿ ಅದು ಹಿಮನದಿಯ ನೆತ್ತಿಯನ್ನೇ ದಾಟಿಹೋಯಿತು. ಅಂದರೆ ಜಮೆಯ ಭಾಗವೇ ಉಳಿಯದೆ, ಮೈಯೆಲ್ಲ ಖರ್ಚಿನ ಪಾಲಾಯಿತು. ಅಲ್ಲದೆ ಉಷ್ಣವಲಯದಲ್ಲಿ ಹಿಮಪಾತವೂ ಕರಗುವಿಕೆಯೂ ಒಂದೇ ಋತುವಿನಲ್ಲಿ ನಡೆಯುತ್ತವೆ. ಹೊಸ ಹಿಮದ ಬಿಳುಪು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ. ಅದು ಬೀಳದಿದ್ದರೆ ಮಸುಕಾದ ಹಳೆಯ ಮಂಜುಗಡ್ಡೆ ಬಿಸಿಲನ್ನು ಹೀರಿ ಬೇಗ ಕರಗುತ್ತದೆ. ಎಲ್ ನಿನ್ಯೊ ಪ್ರಬಲವಾದ ವರ್ಷಗಳಲ್ಲಿ ಆದುದು ಹೀಗೆಯೇ. ಹಿಮನದಿ ಕುಗ್ಗಿದಂತೆಲ್ಲ ಸುತ್ತಲಿನ ಕಪ್ಪು ಬಂಡೆಗಳ ಕಾವು ಅದರ ಅಂಚುಗಳನ್ನು ಮತ್ತಷ್ಟು ಸವೆಸಿತು.

ಇದು ಊಹೆಯ ಮಾತಲ್ಲ. 1991ರಿಂದ ಬೊಲಿವಿಯದ ಎಡ್ಸನ್ ರಾಮಿರೆಜ್, ಫ್ರಾನ್ಸಿನ ಬರ್ನಾರ್ ಫ್ರಾಂಕೂ ಮೊದಲಾದ ವಿದ್ವಾಂಸರು ಈ ಹಿಮನದಿಯ ಬಗೆಗೆ ಕಲೆಹಾಕಿದ ಮಾಹಿತಿಯಲ್ಲಿ ತಿಂಗಳುತಿಂಗಳ ಅಳತೆಗಳೂ ಇದ್ದವು. 1940ರಲ್ಲಿ ಸುಮಾರು 0.22 ಚದರ ಕಿಲೋಮೀಟರಿದ್ದ ವಿಸ್ತೀರ್ಣ 1998ರ ವೇಳೆಗೆ ಸುಮಾರು 0.06ಕ್ಕೆ ಇಳಿದಿತ್ತು. 1992ರಿಂದ 1998ರವರೆಗಿನ ಆರೇ ವರ್ಷಗಳಲ್ಲಿ ಅದರ ಒಟ್ಟು ಗಾತ್ರದ ಮೂರರಲ್ಲಿ ಎರಡು ಪಾಲು ಕರಗಿತ್ತು. ಸ್ಥಿತಿ ಹೀಗೆಯೇ ಮುಂದುವರಿದರೆ ಹದಿನೈದು ವರ್ಷಗಳಲ್ಲಿ ಹಿಮನದಿ ಪೂರ್ತಿ ನಾಶವಾದೀತೆಂದು ಅವರು 2001ರಲ್ಲಿ ಪ್ರಕಟಿಸಿದರು. ಆ ಅವಧಿ ತುಂಬುವ ಮೊದಲೇ, 2009ರಲ್ಲಿ, ಅವರ ಮಾತು ನಿಜವಾಯಿತು.

ಆಟದ ತಾಣವೊಂದು ಹೋದರೇನು ಎಂದು ಕೇಳುವವರಿರಬಹುದು. ಆದರೆ ಬೊಲಿವಿಯದ ಪೂರ್ವ ಪರ್ವತಶ್ರೇಣಿಗಳ ಹಿಮನದಿಗಳಲ್ಲಿ ನೂರಕ್ಕೆ 80ರಷ್ಟು ಇಂಥ ಚಿಕ್ಕವೇ, ಅರ್ಧ ಚದರ ಕಿಲೋಮೀಟರಿಗೂ ಕಡಿಮೆ ವಿಸ್ತೀರ್ಣದವು. ಎತ್ತರದ ಕಣಿವೆಗಳಿಗೆ ಇವು ನಿಸರ್ಗವೇ ಕಟ್ಟಿಕೊಟ್ಟ ಕೆರೆಗಳು. ಹಿಮ ಬೀಳುವ ಕಾಲದಲ್ಲಿ ಬಂದುದನ್ನು ಹಿಡಿದಿಟ್ಟು ಒಣ ತಿಂಗಳುಗಳಲ್ಲಿ ಹಳ್ಳಕ್ಕೆ ಬಿಡುತ್ತವೆ. ಲಾ ಪಾಜ್ ಮತ್ತು ಎಲ್ ಆಲ್ಟೊ ನಗರಗಳ ನೀರಿನಲ್ಲಿ ಒಂದು ಪಾಲು ಹಿಮನದಿಗಳಿಂದ ಬರತಕ್ಕುದು. 2016ರಲ್ಲಿ ಭೀಕರ ಅನಾವೃಷ್ಟಿಯೊದಗಿ ಲಾ ಪಾಜಿನ ಅನೇಕ ಬಡಾವಣೆಗಳಲ್ಲಿ ನೀರನ್ನು ಸರದಿಯಂತೆ ಹಂಚಬೇಕಾಯಿತು. ಸರಕಾರ ರಾಷ್ಟ್ರೀಯ ತುರ್ತುಸ್ಥಿತಿಯನ್ನು ಘೋಷಿಸಿತು. ಆ ಕ್ಷಾಮಕ್ಕೆ ಚಕಾಲ್ತಾಯವೇ ಕಾರಣವೆನ್ನುವುದು ಸರಿಯಲ್ಲ. ಅದು ಕೊಡುತ್ತಿದ್ದ ನೀರು ಸ್ವಲ್ಪವೇ. ಆದರೆ ಇಂಥ ಕೆರೆಗಳು ಒಂದೊಂದಾಗಿ ಬರಿದಾದರೆ ಮುಂದಿನ ಅನಾವೃಷ್ಟಿಯನ್ನು ತಾಳಿಕೊಳ್ಳುವ ಶಕ್ತಿ ಕುಂದುವುದೆಂಬುದರಲ್ಲಿ ಸಂದೇಹವಿಲ್ಲ.

ಆದಕಾರಣ ಚಕಾಲ್ತಾಯದ ಕಥೆಯನ್ನು ಕೇವಲ ಒಂದು ವಿಹಾರಸ್ಥಾನದ ಅವನತಿಯೆಂದು ಬರೆದರೆ ಇತಿಹಾಸಕಾರನ ಕೆಲಸ ಅರೆಯಾಗುತ್ತದೆ. ದೊಡ್ಡ ಹಿಮನದಿಗಳಲ್ಲಿ ನಿಧಾನವಾಗಿ ನಡೆಯುತ್ತಿರುವುದು ಈ ಚಿಕ್ಕದರಲ್ಲಿ ಒಂದೇ ತಲೆಮಾರಿನೊಳಗೆ ನಡೆದುಹೋಯಿತು. ಜನರು ಆಡುತ್ತಿದ್ದ ಎಡೆಯಾದುದರಿಂದ ಎಲ್ಲರ ಕಣ್ಣಿಗೂ ಬಿತ್ತು. ಶಾಸನ, ಕಡತಗಳನ್ನು ಓದುವಷ್ಟೇ ಶ್ರದ್ಧೆಯಿಂದ ಹಿಮನದಿ ಬಿಟ್ಟುಹೋದ ಕಲ್ಲುರಾಶಿಗಳನ್ನು, ಹಳೆಯ ಛಾಯಾಚಿತ್ರಗಳನ್ನು, ಅಳತೆಯ ಪಟ್ಟಿಗಳನ್ನು ಓದಲು ನಮ್ಮ ವಿದ್ಯಾರ್ಥಿಗಳು ಕಲಿಯಬೇಕು. ಏಕೆಂದರೆ ಕರಗಿದ ಹಿಮನದಿಯ ಇತಿಹಾಸಕ್ಕೆ ಇನ್ನು ಮುಂದೆ ದೊರೆಯುವ ಆಧಾರಗಳು ಅವೇ.