ಮೂರನೇ ಮಹಡಿಯ ಗುದ್ದಾಟ

ಬೆಂಗಳೂರಿನ ಪೂರ್ವಭಾಗದ ಒಂದು ಮುಖ್ಯರಸ್ತೆ. ಕೆಳಗೆ ಟೈಲ್ಸ್ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್, ಮೂರನೇ ಮಹಡಿಯಲ್ಲಿ ಬಾಕ್ಸಿಂಗ್ ಜಿಮ್. ಕಾಕತಾಳೀಯವೋ ಲೆಕ್ಕಾಚಾರವೋ, ನಾನು ಹೇಳಲಾರೆ. ಲಿಫ್ಟ್ ಇಲ್ಲ. ಎರಡನೇ ಮಹಡಿಯ ತಿರುವಿನಲ್ಲೇ ದಪ್ ದಪ್ ಎಂಬ ಸದ್ದು ಶುರುವಾಗುತ್ತದೆ, ಅದರ ಬೆನ್ನಿಗೇ ಒಣಗದ ಗ್ಲೌಸ್‌ನ ಮುಗ್ಗಲು ವಾಸನೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಮೊದಲು ಉದ್ದನೆಯ ಬೆಂಚು. ಸಂಜೆಯ ಬ್ಯಾಚಿನವರು ಕೂತು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ನಾಲ್ಕೂವರೆ ಮೀಟರ್ ಉದ್ದದ ಬಟ್ಟೆ. ತುದಿಯ ಕುಣಿಕೆಗೆ ಹೆಬ್ಬೆರಳು ತೂರಿಸಿ, ಮಣಿಕಟ್ಟಿಗೆ ಮೂರ್ನಾಲ್ಕು ಸುತ್ತು, ಗೆಣ್ಣುಗಳ ಮೇಲೆ ಇನ್ನಷ್ಟು, ಬೆರಳ ಸಂದಿಗಳಲ್ಲಿ ಹಾಯಿಸಿ ಮತ್ತೆ ಮಣಿಕಟ್ಟಿಗೆ. ಗ್ಲೌಸ್ ಇರುವುದು ಎದುರಾಳಿಯ ಮುಖ ಕಾಯಲಿಕ್ಕೆ ಎಂದು ನಾವು ಅಂದುಕೊಂಡಿರುತ್ತೇವೆ. ಪಟ್ಟಿಯೂ ಗ್ಲೌಸೂ ಹೆಚ್ಚಾಗಿ ಕಾಯುವುದು ಹೊಡೆಯುವವರ ಕೈಯನ್ನೇ. ಮುಷ್ಟಿಯ ಸಣ್ಣ ಮೂಳೆಗಳಿಗೆ ತಲೆಬುರುಡೆಯ ಎದುರು ನಿಲ್ಲುವ ತಾಕತ್ತಿಲ್ಲ.

ಮುಂದೆ ಸಾಲಾಗಿ ತೂಗುವ ಬ್ಯಾಗುಗಳು. ಒಂದನ್ನು ಮೇಲೂ ಕೆಳಗೂ ಒತ್ತಿ ನೋಡಿದೆ. ಒಳಗೆ ತುಂಬಿದ ಚಿಂದಿ ಬಟ್ಟೆ ಕುಸಿದು ಬುಡ ಕಲ್ಲಾಗಿದೆ, ಮೇಲ್ಭಾಗ ಪೊಳ್ಳಾಗಿದೆ. ನಡುವೆ ಚರ್ಮ ಹರಿದಲ್ಲೆಲ್ಲ ಟೇಪ್ ಸುತ್ತಿದ್ದಾರೆ. ಗೋಡೆಯ ಟೈಮರ್ ಮೂರು ನಿಮಿಷಕ್ಕೊಮ್ಮೆ ಬೆಲ್ ಹೊಡೆಯುತ್ತದೆ, ಒಂದು ನಿಮಿಷ ಬಿಡುವು, ಮತ್ತೆ ಬೆಲ್. ಇಲ್ಲಿದ್ದವರಲ್ಲಿ ಹೆಚ್ಚಿನವರು ಆಫೀಸು ಮುಗಿಸಿ ಬಂದವರು ಅನ್ನಿಸಿತು. ಕೆಲವರ ಕೊರಳಲ್ಲಿ ಐಡಿ ಕಾರ್ಡಿನ ಪಟ್ಟಿ ಇನ್ನೂ ಇತ್ತು. ಬೊಜ್ಜು ಕರಗಿಸುವುದು, ದಿನದ ಸಿಟ್ಟು ಇಳಿಸುವುದು ಇವರ ಉದ್ದೇಶ. ಮುಖಕ್ಕೆ ಏಟು ತಿನ್ನುವ ಯೋಚನೆ ಯಾರಿಗೂ ಇದ್ದಂತಿಲ್ಲ. ಆದರೆ ಕಟ್ಟಡದ ಬಾಡಿಗೆ ಕಟ್ಟುವುದು ಇವರ ಫೀಸಿನಿಂದಲೇ ಎಂದು ಕೋಚ್ ಮುಚ್ಚುಮರೆಯಿಲ್ಲದೆ ಹೇಳಿದರು. ಬಾಕ್ಸಿಂಗ್ ಜನಪ್ರಿಯವಾಗಿದೆ ಎಂದು ಯಾರಾದರೂ ಹೇಳಿದರೆ, ಬ್ಯಾಗಿಗೆ ಹೊಡೆಯುವವರನ್ನೂ ಸೇರಿಸಿ ಹೇಳುತ್ತಿದ್ದಾರಾ ಎಂದು ಇನ್ನು ಮೇಲೆ ನಾನು ಕೇಳುವವನೇ.

ಬ್ಯಾಗುಗಳನ್ನು ದಾಟಿದರೆ ರಿಂಗ್. ಸ್ಪರ್ಧೆಯ ರಿಂಗ್ ಹಗ್ಗದೊಳಗೆ 6.1 ಮೀಟರ್ ಚೌಕವಿರುತ್ತದೆ. ಇದು ಚಿಕ್ಕದು ಅನ್ನಿಸಿತು, ಅಳೆಯಲಿಲ್ಲ. ಕಾಲೇಜು ವಯಸ್ಸಿನ ಇಬ್ಬರು ಹುಡುಗಿಯರು ತಲೆಗವಚ ತೊಟ್ಟು ಸ್ಪಾರಿಂಗ್, ಎಂದರೆ ಅಭ್ಯಾಸದ ಗುದ್ದಾಟ, ಮಾಡುತ್ತಿದ್ದರು. "ಗದ್ದ ಇಳಿಸು, ಕೈ ಎತ್ತು" ಎಂದು ಕೋಚ್ ಒಂದೇ ಸಮನೆ ಕೂಗುತ್ತಿದ್ದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಬಾಕ್ಸಿಂಗ್ ಬಂದದ್ದು 2012ರಲ್ಲಿ, ಆ ವರ್ಷವೇ ಮಣಿಪುರದ ತಾಯಿಯೊಬ್ಬರು ಕಂಚು ತಂದರು. ಅದಕ್ಕೆ ನಾಲ್ಕು ವರ್ಷ ಮೊದಲು, ಬೀಜಿಂಗ್‌ನಲ್ಲಿ, ಭಾರತಕ್ಕೆ ಬಾಕ್ಸಿಂಗ್‌ನ ಮೊದಲ ಪದಕ. ಇಲ್ಲಿನ ಗೋಡೆಯ ಫೋಟೊಗಳೂ ಆ ಕಾಲದವೇ, ಬಣ್ಣ ಮಾಸಿವೆ.

ಒಬ್ಬಳ ಎಡಗೈ ನೇರವಾಗಿ ಇನ್ನೊಬ್ಬಳ ಮೂಗಿಗೆ ಬಡಿಯಿತು. ಇಬ್ಬರೂ ನಕ್ಕರು, ನನಗೆ ನಗು ಬರಲಿಲ್ಲ. ತಲೆಗವಚ ಚರ್ಮ ಸೀಳುವುದನ್ನು ತಪ್ಪಿಸಬಹುದು, ಒಳಗೆ ಮಿದುಳು ಅಲುಗುವುದನ್ನಲ್ಲ. ವರ್ಷಗಟ್ಟಲೆ ಏಟು ತಿಂದ ಬಾಕ್ಸರುಗಳ ಮಿದುಳು ಕೆಡುವ ಬಗ್ಗೆ ಅಮೆರಿಕದ ವೈದ್ಯರೊಬ್ಬರು 1928ರಲ್ಲೇ ಬರೆದಿದ್ದರು. ಈ ಆಟದ ಭವಿಷ್ಯದ ಮಾತು ಬಂದಾಗಲೆಲ್ಲ ಟಿವಿ, ಪ್ರಾಯೋಜಕರು, ಪದಕ ಎನ್ನುತ್ತೇವೆ. ನನಗೆ ಈ ಹಳೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಹಾಲ್‌ನ ಕೊನೆಯ ಅರ್ಧ ಮ್ಯಾಟ್, ಅದರಾಚೆ ಕಪ್ಪು ಬಲೆಯ ಕೇಜ್. ಹೊಡೆತ, ಒದೆತ, ಕುಸ್ತಿ ಎಲ್ಲ ಬೆರೆತ ಎಂಎಂಎ ಆಟದ ಜಾಗ ಇದು. ನಿಲ್ಲಲು ಜಾಗವಿಲ್ಲದಷ್ಟು ಹುಡುಗರು ಇದ್ದದ್ದು ಇಲ್ಲಿಯೇ. ಇವರ ಗ್ಲೌಸ್ ನಾಲ್ಕು ಔನ್ಸ್ ಆಸುಪಾಸು, ಬೆರಳು ತೆರೆದದ್ದು. ರಿಂಗಿನ ಹುಡುಗಿಯರದು ಹದಿನಾಲ್ಕು ಔನ್ಸ್. ಕೇಜಿನಲ್ಲಿ ಎದುರಾಳಿಯನ್ನು ಹಿಡಿಯಲು ಬೆರಳು ಬೇಕಲ್ಲ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಎಂಟು ಮೂಲೆಯ ಬಲೆಯೊಳಗೆ ಈ ಆಟ ಶುರುವಾದಾಗ ತೂಕದ ವರ್ಗಗಳೂ ಇರಲಿಲ್ಲ. ಈಗ ತೂಕ, ಐದು ನಿಮಿಷದ ರೌಂಡು, ನಿಷಿದ್ಧ ಏಟುಗಳ ಉದ್ದ ಪಟ್ಟಿ ಎಲ್ಲ ಇದೆ.

ಒಬ್ಬ ಹುಡುಗನ ಕಿವಿ ಹೂಕೋಸಿನ ಹಾಗೆ ಮುದುಡಿತ್ತು. ಕುಸ್ತಿಯವನಿರಬೇಕು ಎಂದುಕೊಂಡು ಕೇಳಿದೆ. ಹೌದಂತೆ, ಬೆಳಗಾವಿ ಕಡೆಯ ಗರಡಿಮನೆಯಲ್ಲಿ ಬೆಳೆದವನು. ಎದುರಿನವನ ಎರಡೂ ತೊಡೆ ಬಾಚಿ ಎತ್ತಿ ಕೆಡವುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ತೊಡಕು ಆಮೇಲಿನದು. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ಕುಸ್ತಿ ಮುಗಿಯಿತು, ಪೇಟ ಸಿಕ್ಕಿತು. ಇಲ್ಲಿ ಕೆಳಗೆ ಬಿದ್ದವನು ಕಾಲುಗಳಿಂದಲೇ ಸೊಂಟ ಲಾಕ್ ಮಾಡಿ, ಮೇಲಿದ್ದವನ ಕುತ್ತಿಗೆಗೆ ತೋಳು ಸುತ್ತುತ್ತಾನೆ. ನಾನು ನೋಡುತ್ತಿದ್ದ ಹಾಗೇ ಬೆಳಗಾವಿಯ ಹುಡುಗ ಎದುರಾಳಿಯನ್ನು ಚಿತ್ ಮಾಡಿ, ಅರೆಕ್ಷಣ ಸುಮ್ಮನಾದ. ಅಷ್ಟು ಸಾಕಾಯಿತು. ಎರಡು ಸಲ ಮ್ಯಾಟ್ ತಟ್ಟಿ ಸೋಲೊಪ್ಪಿದವನು ಅವನೇ. "ಗೆದ್ದ್ಮೇಲೆ ನಿಲ್ಲೂದು ರೂಢಿ ಆಗೇತ್ರಿ" ಎಂದ, ಕುತ್ತಿಗೆ ಉಜ್ಜಿಕೊಳ್ಳುತ್ತ.

ಕೇಜಿನ ಹಿಂದಿನ ಸಣ್ಣ ಕೋಣೆಯೇ ಆಫೀಸು. ತೂಕದ ಯಂತ್ರ, ನೋವಿನ ಸ್ಪ್ರೇ ಡಬ್ಬಗಳು, ಅರ್ಜಿಗಳ ಕಟ್ಟು. ಹದಿನೈದು ಹದಿನಾರರ ಮಗನನ್ನು ಸೇರಿಸಲು ತಾಯಿಯೊಬ್ಬರು ಬಂದು ಕೂತಿದ್ದರು. ಹುಡುಗ ಮೊಬೈಲಿನಲ್ಲಿ ಕೇಜ್ ಫೈಟ್ ನೋಡಿ ನೋಡಿ ಬಂದವನು. ತಾಯಿ ಕೇಳಿದ್ದು ಒಂದೇ: "ಸರ್, ಇದ್ರಿಂದ ಕೆಲ್ಸ ಏನಾದ್ರೂ ಸಿಗುತ್ತಾ?"

ಕೋಚ್ ಬಣ್ಣ ಹಚ್ಚಿ ಮಾತಾಡಲಿಲ್ಲ. ಬಾಕ್ಸಿಂಗ್‌ನಲ್ಲಿ ರಾಷ್ಟ್ರಮಟ್ಟದ ಪದಕ ಬಂದರೆ ರೈಲ್ವೆ, ಸೇನೆಯಂಥ ಕಡೆ ಕ್ರೀಡಾ ಕೋಟಾ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಬಾಕ್ಸಿಂಗ್ ಉಳಿದಿದೆ. ಎಂಎಂಎ ಒಲಿಂಪಿಕ್ಸ್‌ನಲ್ಲಿಲ್ಲ, ಆ ಥರದ ನೌಕರಿಯ ಭರವಸೆ ತಾವು ಕೊಡಲಾರೆವು ಎಂದರು. ಹುಡುಗನ ಕಣ್ಣು ಮಾತ್ರ ಬಾಗಿಲಾಚೆಯ ಬಲೆಯ ಮೇಲೇ ಇತ್ತು.

"ಎರಡು ತಿಂಗ್ಳು ಬಾಕ್ಸಿಂಗ್ ಬ್ಯಾಚ್‌ಗೆ ಬರ್ಲಿ, ಅಮ್ಮಾ. ಆಮೇಲೆ ಅವ್ನಿಷ್ಟ" ಎಂದು ಕೋಚ್ ಅರ್ಜಿ ಮುಂದಿಟ್ಟರು. ತಾಯಿ ಓದಿ ನೋಡಿ, ಪೋಷಕರ ಸಹಿ ಎಂದಿದ್ದ ಜಾಗ ಖಾಲಿ ಬಿಟ್ಟು, ಮನೆಯಲ್ಲಿ ಅವರಪ್ಪನನ್ನು ಕೇಳಿ ನಾಳೆ ಬರುತ್ತೇವೆ ಎಂದು ಎದ್ದರು.