ಕಿರಿದಾದ ಕಪಾಟು, ಬಟ್ಟೆಯೊಳಗಿನ ಗಾಳಿ

ಸಿಂಗಾಪುರದ ನಮ್ಮ ಫ್ಲ್ಯಾಟಿನಲ್ಲಿ ಇರೋದು ಒಂದೇ ಕಪಾಟು. ರಜಾಯಿ, ಸ್ವೆಟರು, ಅಮ್ಮ ಕೊಟ್ಟ ರೇಷ್ಮೆ ಸೀರೆ, ಎಲ್ಲವನ್ನೂ ಅದರಲ್ಲೇ ತುರುಕಿದ್ದೆವು. ಹಬ್ಬಕ್ಕೆಂದು ತೆಗೆದರೆ ಸೀರೆಯ ಮೇಲೆ ಬೂಷ್ಟಿನ ಚುಕ್ಕೆ!

ತಪ್ಪಿದ್ದೆಲ್ಲಿ? ರಜಾಯಿಯಲ್ಲಿ ಜಾಗ ತಿನ್ನುವುದು ಹತ್ತಿಗಿಂತ ಹೆಚ್ಚಾಗಿ ಎಳೆಗಳ ನಡುವಿನ ಗಾಳಿ. ಚೆನ್ನಾಗಿ ಒಣಗಿಸಿ, ವ್ಯಾಕ್ಯೂಮ್ ಚೀಲಕ್ಕೆ ಹಾಕಿ ಗಾಳಿ ಹೀರಿದರೆ, ಹೊರಗಿನ ವಾತಾವರಣದ ಒತ್ತಡವೇ ಅದನ್ನು ಅದುಮಿ ಚಪ್ಪಟೆ ಮಾಡುತ್ತೆ. ಆ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರದಷ್ಟು.

ಸೀರೆಗೆ ಮಾತ್ರ ಈ ಉಪಾಯ ಬೇಡ. ಜರಿಯೆಂದರೆ ದಾರಕ್ಕೆ ಸುತ್ತಿದ ತೆಳು ಲೋಹದ ಎಳೆ. ಮಡಿಕೆ ಬಿಗಿಯಾದರೆ ಅಲ್ಲೇ ಮುರಿಯುತ್ತೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಹೇರದೆ ಇಡಿ. ಆಗಾಗ ಮಡಿಕೆ ಬದಲಿಸಿ.

ಇನ್ನು ಬೂಷ್ಟು. ಇಲ್ಲಿ ಗಾಳಿಯ ತೇವಾಂಶ ಸರಾಸರಿ ಶೇ. 80ರ ಆಸುಪಾಸು. ಗಾಳಿಯಾಡದ ಮೂಲೆಯಲ್ಲಿ ಬೂಷ್ಟಿಗೆ ಅಷ್ಟು ಸಾಕು. ಏಸಿ ಓಡುವಾಗ ಕೋಣೆಯ ಗಾಳಿ ಒಣಗಿರುತ್ತೆ. ಆಗ ಕಪಾಟಿನ ಬಾಗಿಲು ಸ್ವಲ್ಪ ಹೊತ್ತು ತೆರೆದಿಡಿ.

ಈಗ ನಮ್ಮ ಲೆಕ್ಕ ಇಷ್ಟೇ: ರಜಾಯಿಯಿಂದ ಗಾಳಿ ತೆಗೆದು ಉಳಿಸಿದ ಜಾಗವನ್ನು ಬೇರೆ ಸಾಮಾನಿನಿಂದ ತುಂಬಿಸೋದಿಲ್ಲ. ಅದು ಸೀರೆ ಉಸಿರಾಡೋಕೆ. ಅಮ್ಮನ ಸೀರೆಯನ್ನ ನಾಳೆ ಮಗಳೂ ಉಡಬೇಕಲ್ವಾ?