ವಿಮಾನವೇರುವ ಬೈಸಿಕಲ್

ವಿಮಾನಕ್ಕೂ ಬೈಸಿಕಲ್ಲಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1903ರ ಡಿಸೆಂಬರ್ 17ರಂದು ಯಂತ್ರಬಲದ ವಿಮಾನದಲ್ಲಿ ಆಕಾಶಕ್ಕೇರಿದ ರೈಟ್ ಸಹೋದರರು ಅಮೆರಿಕದ ಡೇಟನ್ ನಗರದಲ್ಲಿ ಬೈಸಿಕಲ್ ಅಂಗಡಿ ಇಟ್ಟುಕೊಂಡಿದ್ದವರು. ಅವರ ವಿಮಾನದ ಎಂಜಿನ್ನಿನ ಬಲವನ್ನು ಪಂಖಗಳಿಗೆ ಮುಟ್ಟಿಸಿದ್ದು ಸೈಕಲ್ಲಿನಂಥ ಸರಪಳಿಯೇ. ಬೈಸಿಕಲ್ಲಿನ ಅಂಗಡಿಯಲ್ಲಿ ಹುಟ್ಟಿದ ವಿಮಾನವು ಇಂದು ಬೈಸಿಕಲ್ಲನ್ನೇ ತನ್ನ ಹೊಟ್ಟೆಯಲ್ಲಿಟ್ಟುಕೊಂಡು ದೇಶದೇಶಗಳಿಗೆ ಒಯ್ಯುತ್ತಿದೆ. ಆದರೆ ಎಂಥ ಬೈಸಿಕಲ್ಲನ್ನು ಒಯ್ಯುವುದು ಲೇಸು? ಈ ಪ್ರಶ್ನೆಗೆ ಉತ್ತರವನ್ನು ನಾನು ಕಲಿತದ್ದು ನನ್ನ ಊರಿನಲ್ಲಿಯೇ.

ನನ್ನ ಊರು ಆಳಂದ ತಾಲ್ಲೂಕಿನ ನರೋಣಾ. ಕ್ಷೇಮಲಿಂಗೇಶ್ವರನ ಸನ್ನಿಧಿ, ಎರೆ ನೆಲ, ತೊಗರಿಯ ಸೀಮೆ. ಶಾಲಾ ಮಾಸ್ತರರಾಗಿದ್ದ ನನ್ನ ತಂದೆಯವರು ಸುತ್ತಲಿನ ಹಳ್ಳಿಗಳಿಗೆಲ್ಲ ಬೈಸಿಕಲ್ಲಿನ ಮೇಲೆಯೇ ಹೋಗಿಬಂದವರು. ಅವರು ತೀರಿಕೊಂಡ ಮರುವರ್ಷ, 2022ರ ದಸರೆಯ ರಜೆಯಲ್ಲಿ, ಅವರು ತುಳಿದ ಹಾದಿಗಳನ್ನು ನಾನೂ ಒಮ್ಮೆ ತುಳಿಯಬೇಕೆಂಬ ಹಂಬಲ ಹುಟ್ಟಿತು. ರಜೆ ನಾಲ್ಕೇ ದಿನ. ಶ್ರೀನಿವಾಸ ಸರಡಗಿಯ ಬಳಿ ಕಲಬುರಗಿಯ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದೇ ತೆರೆದಿತ್ತು. ಬೆಂಗಳೂರಿನಿಂದ ವಿಮಾನದಲ್ಲಿ ಬಂದಿಳಿದು, ಅಲ್ಲಿಂದಲೇ ಸೈಕಲ್ ಹತ್ತುವುದೆಂದು ನಿಶ್ಚಯಿಸಿದೆ. ಅದಕ್ಕಾಗಿ 16 ಇಂಚಿನ ಚಕ್ರಗಳ, ಮಡಿಸುವ ಬೈಸಿಕಲ್ಲೊಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡೆ. ಅದು ಮಡಿಸಿದರೆ ಪೆಟ್ಟಿಗೆ, ಬಿಚ್ಚಿದರೆ ಬಂಡಿ! ಅದರ ಚೆಲುವಿಗೆ ಮರುಳಾದೆನೇ ಹೊರತು ಬೇರೇನನ್ನೂ ವಿಚಾರಿಸಲಿಲ್ಲ.

ಆಕಾಶಯಾನ ಸುಖವಾಗಿಯೇ ಮುಗಿಯಿತು. ಕಷ್ಟ ಬಂದದ್ದು ನೆಲದ ಮೇಲೆ. ಕಲಬುರಗಿಯನ್ನು ದಾಟಿ, ಊರು ಸಮೀಪಿಸಿತೆನ್ನುವಾಗ ಡಾಂಬರು ಬಿಟ್ಟು ತಂದೆಯವರ ಬಂಡಿದಾರಿ ಹಿಡಿದೆ. ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಎರೆ ಮಣ್ಣು ಚಕ್ರಕ್ಕೂ ಕೆಸರುಗಾಪಿಗೂ ನಡುವೆ ಗಾರೆಯಂತೆ ಮೆತ್ತಿಕೊಂಡಿತು. ಎಳೆದಾಡುವಷ್ಟರಲ್ಲಿ ಹರಿತವಾದ ಕಲ್ಲೊಂದು ಟೈರಿನ ಪಕ್ಕವನ್ನು ಸೀಳಿಬಿಟ್ಟಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಊರು ಸೇರಿದೆ.

ರಿಪೇರಿಯವನು ಮಕ್ಕಳ ಸೈಕಲ್ಲಿನ 16 ಇಂಚಿನ ಟೈರೊಂದನ್ನು ತಂದ. ಅದು ಗಾಲಿಯನ್ನು ಏರಲೇ ಇಲ್ಲ. ಆಗ ತಿಳಿಯಿತು: ಟೈರಿನ ಮೇಲೆ '16 ಇಂಚು' ಎಂದು ಬರೆದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಮಕ್ಕಳ ಸೈಕಲ್ಲಿನ ಗಾಲಿಯ ವ್ಯಾಸ 305 ಮಿಲಿಮೀಟರು, ನನ್ನದು 349. ನಾಲ್ಕು ಸೆಂಟಿಮೀಟರಿಗೂ ಮಿಗಿಲಾದ ಈ ಅಂತರವನ್ನು ಆಳಂದದಲ್ಲಾಗಲಿ ಕಲಬುರಗಿಯಲ್ಲಾಗಲಿ ತುಂಬುವವರು ನನಗೆ ಸಿಕ್ಕಲಿಲ್ಲ. ಒಂದು ದಿನ ಹೀಗೆಯೇ ಕಳೆದುಹೋಯಿತು.

ಕೊಳ್ಳುವ ಮುನ್ನ

ಆದುದರಿಂದ ವಿಮಾನಯಾತ್ರೆಗೆ ಬೈಸಿಕಲ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಅದು ಎಷ್ಟು ಚಿಕ್ಕದಾಗಿ ಮಡಿಯುತ್ತದೆಂಬುದನ್ನಲ್ಲ. ಇಳಿದ ಊರಿನಲ್ಲಿ ಅದರ ಟೈರು ದೊರೆಯುವುದೇ ಎಂಬುದನ್ನು. ನಮ್ಮ ಹಳ್ಳಿಗಳ ಮಟ್ಟಿಗೆ 20 ಇಂಚಿನ ಚಕ್ರವೇ ಮೇಲು. ಮಕ್ಕಳ ಸೈಕಲ್ಲುಗಳಿಗೆ ಇದೇ ಅಳತೆ ಬಳಕೆಯಲ್ಲಿರುವುದರಿಂದ ಟೈರು ಸುಲಭವಾಗಿ ಸಿಕ್ಕುತ್ತದೆ. ಇಲ್ಲಿಯೂ ಟೈರಿನ ಪಕ್ಕದಲ್ಲಿ 406 ಎಂಬ ಅಂಕಿ ಇದೆಯೇ ಎಂದು ನೋಡಿಕೊಳ್ಳಬೇಕು. 451ರ ಜಾತಿಯೂ ಒಂದಿದೆ. ದೊಡ್ಡ ಚಕ್ರವೇ ಬೇಕೆನ್ನುವವರಿಗೆ ನಡುವೆ ತಿರುಪು ಬಿಚ್ಚಿ ಎರಡು ತುಂಡು ಮಾಡಬಹುದಾದ ಚೌಕಟ್ಟುಗಳುಂಟು. ಬೆಲೆ ಮಾತ್ರ ಹೆಚ್ಚು.

ಚೌಕಟ್ಟು ಉಕ್ಕಿನದಾದರೆ ಒಳ್ಳೆಯದು. ಮುರಿದರೆ ಹಳ್ಳಿಯ ವೆಲ್ಡಿಂಗಿನವನೂ ಬೆಸೆದುಕೊಟ್ಟಾನು. ಅಲ್ಯೂಮಿನಿಯಮ್ಮಿಗೆ ಆ ಭಾಗ್ಯವಿಲ್ಲ. ಗಾಳಿ ತುಂಬುವ ಕವಾಟವು ಮೋಟರ್ ಸೈಕಲ್ಲಿನಂಥದಾಗಿರಲಿ. ಯಾವ ಪಂಕ್ಚರ್ ಅಂಗಡಿಯಲ್ಲಿಯೂ ಗಾಳಿ ದೊರೆಯುತ್ತದೆ. ಎರೆ ನೆಲದಲ್ಲಿ ತಿರುಗುವವರು ಚಕ್ರಕ್ಕೂ ಕೆಸರುಗಾಪಿಗೂ ನಡುವೆ ಬೆರಳು ಆಡುವಷ್ಟು ತೆರಪಿರುವುದನ್ನೇ ಆರಿಸಬೇಕು.

ನಿಲ್ದಾಣದ ಲೆಕ್ಕ

ಇನ್ನು ತೂಕದ ಮಾತು. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರಿಗೆ ಬಹುಮಟ್ಟಿಗೆ 15 ಕಿಲೋ ಸಾಮಾನು ಒಪ್ಪಿಸಲು ಅವಕಾಶ. ಸೈಕಲ್ 12 ಕಿಲೋ ತೂಗಿದರೆ ಪೆಟ್ಟಿಗೆಗೆ ಮೂರೇ ಕಿಲೋ ಉಳಿಯಿತು. ಬಟ್ಟೆಬರೆ ಕೈಚೀಲಕ್ಕೆ ಹೋಗಬೇಕು. ಹೊರದೇಶದ ಯಾನಗಳಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರು ಮೀರಬಾರದೆಂಬ ಕಟ್ಟಳೆ ಹಲವು ಸಂಸ್ಥೆಗಳಲ್ಲಿ ಉಂಟು. 20 ಇಂಚಿನ ಸೈಕಲ್ಲನ್ನು ಈ ಅಳತೆಗೆ ತರಲು ಚಕ್ರವನ್ನೂ ಹಿಡಿಕೆಯನ್ನೂ ಬಿಚ್ಚಬೇಕಾದೀತು. ಚಿಕ್ಕ ವಿಮಾನಗಳಲ್ಲಿ ಜಾಗವೂ ಚಿಕ್ಕದು; ಟಿಕೆಟ್ಟು ಕೊಳ್ಳುವ ಮೊದಲೇ ವಿಚಾರಿಸುವುದು ಜಾಣತನ. ಬ್ಯಾಟರಿಯ ಸೈಕಲ್ಲನ್ನಂತೂ ಮರೆತುಬಿಡಿ. 160 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಬಿಡುವುದಿಲ್ಲ. ಸೈಕಲ್ಲಿನವು ಸಾಮಾನ್ಯವಾಗಿ ಅದನ್ನು ಮೀರಿದವೇ.

ಕಟ್ಟುವಾಗ ಟೈರಿನ ಗಾಳಿ ಇಳಿಸಿರಿ. ಚಕ್ರ ತೆಗೆದ ಕವಲಿನ ನಡುವೆ ಮರದ ತುಂಡೊಂದನ್ನು ಸಿಕ್ಕಿಸಿದರೆ ಅದು ಒತ್ತಿಗೆ ಬಾಗುವುದಿಲ್ಲ. ಗೇರಿನ ಕೊಂಡಿಯನ್ನು ಒಳಕ್ಕೆ ತಿರುಗಿಸಿ ಬಟ್ಟೆ ಸುತ್ತಿರಿ. ಪೆಡಲು ಬಿಚ್ಚುವವರು ಎಡಗಡೆಯದು ತಿರುವುಮುರುವೆಂಬುದನ್ನು ಮರೆಯಬಾರದು. ಬಿಗಿಯುವ ದಿಕ್ಕಿಗೆ ತಿರುಗಿಸಿದರೇ ಅದು ಸಡಿಲವಾಗುತ್ತದೆ. ಇದನ್ನೆಲ್ಲ ಹೊರಡುವ ಮುನ್ನ ಮನೆಯಲ್ಲಿ ಎರಡು ಬಾರಿ ಮಾಡಿ ಕೈ ಪಳಗಿಸಿಕೊಳ್ಳಬೇಕು.

ನನ್ನ ಯಾತ್ರೆ ಏನಾಯಿತೆಂದು ಓದುಗರು ಕೇಳಬಹುದು. ಕೊಟ್ಟಿಗೆಯ ಮೂಲೆಯಲ್ಲಿ ತಂದೆಯವರ ಹಳೆಯ ಸೈಕಲ್ ಧೂಳು ಹಿಡಿದು ನಿಂತಿತ್ತು. ಟೈರುಗಳೆರಡೂ ಬಿರುಕು ಬಿಟ್ಟಿದ್ದವು. ಹಿಂದಿನ ದಿನ ಕೈಚೆಲ್ಲಿದ ಅದೇ ರಿಪೇರಿಯವನು, ಅದೇ ಅಂಗಡಿಯ ಸೂರಿನಲ್ಲಿ ತೂಗಹಾಕಿದ್ದ ಎರಡು 28 ಇಂಚಿನ ಟೈರುಗಳನ್ನು ಇಳಿಸಿ, ಅರ್ಧ ಗಂಟೆಯಲ್ಲಿ ಹಾಕಿಕೊಟ್ಟ. "ಮಾಸ್ತರರ ಗಾಡಿ" ಎಂದು ಕೂಲಿಯನ್ನು ಮುಟ್ಟಲಿಲ್ಲ. ಉಳಿದ ಎರಡು ದಿನ ನಾನು ಆ ಹಾದಿಗಳನ್ನು ಆ ಸೈಕಲ್ಲಿನ ಮೇಲೆಯೇ ತುಳಿದೆ.

ಅಷ್ಟು ಭಾರದ ಸೈಕಲ್ಲನ್ನು ವಿಮಾನಕ್ಕೇರಿಸುವುದು ಆಗದ ಮಾತು. ಆದರೆ ಅದನ್ನು ಆರಿಸಿದ ತಂದೆಯವರ ಬುದ್ಧಿಯನ್ನು ನಾವೂ ಒಯ್ಯಬಹುದು: ಹೋದ ಊರಿನ ಅಂಗಡಿ ಬಲ್ಲ ಬೈಸಿಕಲ್ಲೇ ದೂರ ಹೋಗುವ ಬೈಸಿಕಲ್. ಎಲ್ಲ ಊರುಗಳ ಕೊಟ್ಟಿಗೆಯಲ್ಲಿಯೂ ತಂದೆಯ ಸೈಕಲ್ ನಮಗಾಗಿ ಕಾದು ನಿಂತಿರುವುದಿಲ್ಲವಷ್ಟೆ!